ಗ್ರೀಕ್ ಚಿಂತನೆ ಮತ್ತು ಕನ್ನಡ

ಪ್ರಾಚೀನ ಗ್ರೀಸಿನ ತತ್ತ್ವವಿಚಾರ ಕನ್ನಡ ನಾಡಿಗೆ ಮುಖ್ಯವಾಗಿ ಎರಡು ದಾರಿಗಳಲ್ಲಿ ಬಂದಿದೆ. ಒಂದು ಹಕೀಮರ ದಾರಿ, ಇನ್ನೊಂದು ಕಾಲೇಜಿನ ದಾರಿ.

ಹಕೀಮರ ದಾರಿಯೇ ಹಳೆಯದು. ಮಣ್ಣು, ನೀರು, ಗಾಳಿ, ಬೆಂಕಿಗಳಿಂದ ಜಗತ್ತು ಆಗಿದೆ ಎಂದ ಎಂಪಿಡಾಕ್ಲಿಸನ ಮಾತನ್ನೂ ನೆತ್ತರು, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ದೇಹರಸಗಳ ಲೆಕ್ಕವನ್ನೂ ಗ್ರೀಕ್ ವೈದ್ಯ ಗೇಲನ್ ಒಟ್ಟಿಗೆ ಹೆಣೆದ. ಅರಬ್ಬಿಗೆ ಹೋದ ಆ ಶಾಸ್ತ್ರ ಇಬ್ನ್ ಸಿನಾನ ಗ್ರಂಥದಲ್ಲಿ ಬೆಳೆದು ಯುನಾನಿ ವೈದ್ಯವಾಗಿ ಇಲ್ಲಿಗೆ ತಲುಪಿತು. 'ಯುನಾನಿ', 'ಯವನ' ಎರಡೂ ಅಯೋನಿಯಾದ ಹೆಸರಿನಿಂದ ಬಂದ ಮಾತುಗಳು. ರಸಗಳ ಬೆರಕೆಯನ್ನು ಗ್ರೀಕರು 'ಕ್ರಾಸಿಸ್' ಎಂದರು, ಅರಬ್ಬಿ ವೈದ್ಯರು 'ಮಿಜಾಜ್' ಎಂದರು. ಯಾರನ್ನಾದರೂ 'ಅವನ ಮಿಜಾಜೇ ಬೇರೆ' ಎಂದು ಆಡಿಕೊಳ್ಳುವ ಕನ್ನಡಿಗರ ಬಾಯಲ್ಲಿ ಈ ಗ್ರೀಕ್ ವಿಚಾರ ಇಂದಿಗೂ ಉಳಿದಿದೆ.

ಸಾಹಿತ್ಯವನ್ನು ಅಲುಗಿಸಿದ್ದು ಎರಡನೆಯ ದಾರಿ. ದುಃಖದ ನಾಟಕ ಮನಸ್ಸನ್ನು ಸಡಿಲಗೊಳಿಸುತ್ತದೆ ಎಂದು ಪ್ಲೇಟೊ ಕವಿಗಳನ್ನು ತನ್ನ ಆದರ್ಶ ನಗರದಿಂದ ಹೊರಗಿಟ್ಟಿದ್ದ. ಅವನ ಶಿಷ್ಯ ಅರಿಸ್ಟಾಟಲ್ (ಕ್ರಿ.ಪೂ. 384–322) ಹೇಳಿದ್ದೇ ಬೇರೆ: ಅಂಥ ನಾಟಕ ಕರುಣೆ ಮತ್ತು ಭಯಗಳನ್ನು ಎಬ್ಬಿಸಿ ಅವುಗಳ ಶೋಧನೆಯನ್ನೂ ಮಾಡುತ್ತದೆ. ನಾಯಕ ದುಷ್ಟನೂ ಅಲ್ಲ, ದೇವರಂಥವನೂ ಅಲ್ಲ. ದೊಡ್ಡವನು, ಯಾವುದೋ ಒಂದು ತಪ್ಪಿನಿಂದ ಬೀಳುವವನು. ಮಂಗಳದಲ್ಲಿ ಮುಗಿಯಬೇಕೆಂಬ ಸಂಸ್ಕೃತ ನಾಟಕದ ರೂಢಿಗೆ ಇದು ಹೊಸದು. ಭಾಸನ 'ಊರುಭಂಗ'ದಂಥ ಅಪವಾದಗಳು ವಿರಳ.

ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯ, ಅಂದರೆ 'ಶ್ರೀ'ಯವರು (1884–1946) ಈ ಕಣ್ಣಿನಿಂದ ರನ್ನನನ್ನು ಓದಿದರು. ಹತ್ತನೆಯ ಶತಮಾನದ ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ 'ಸಾಹಸಭೀಮ ವಿಜಯ' ಬರೆದವನು. ಕಾವ್ಯ ಮುಗಿಯುವುದು ಭೀಮನ ಪಟ್ಟಾಭಿಷೇಕದಲ್ಲಿ. ಆದರೂ ಓದುಗನ ಎದೆಯಲ್ಲಿ ನಿಲ್ಲುವವನು ದುರ್ಯೋಧನ. ಸಂಜಯನೊಡನೆ ಹೆಣಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ನಡೆಯುವಾಗ ಅವನಿಗೆ ದ್ರೋಣ, ಸ್ವಂತ ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ ಕಾಣಸಿಗುತ್ತಾರೆ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ಕೈಮುಗಿದು, ಇಂಥ ಸಾವು ತನಗೂ ಬರಲಿ ಎಂದು ಬೇಡುತ್ತಾನೆ. ಶ್ರೀಯವರು ರನ್ನನ ಪದ್ಯಗಳನ್ನೇ ಆಯ್ದು ಜೋಡಿಸಿ 1926ರಲ್ಲಿ 'ಗದಾಯುದ್ಧ ನಾಟಕಂ' ಕಟ್ಟಿದಾಗ ಈ ದುರ್ಯೋಧನನೇ ನಾಯಕನಾದ. ಅರಂತೋಡು, ಸುಳ್ಯ, ಪುತ್ತೂರಿನ ಸೀಮೆಯಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಅಚ್ಚರಿ ತರದು. ಅಲ್ಲಿ ಕೌರವನ ಅರ್ಥ ಹೇಳುವವರು ಅವನ ಛಲಕ್ಕೆ ಪೂರ್ಣ ಗೌರವ ಕೊಟ್ಟೇ ವಾದಿಸುತ್ತಾರೆ. ಆ ಕಲೆಗೆ ಗ್ರೀಕರ ಋಣವಿಲ್ಲ. ಆದರೆ ಅಂಥ ಮನಸ್ಸು ಮೊದಲೇ ಇದ್ದ ನೆಲದಲ್ಲಿ ಅರಿಸ್ಟಾಟಲನ ಬೀಜ ಬೇಗ ಬೇರುಬಿಟ್ಟಿತು ಎನ್ನಬಹುದು.

1929ರ 'ಅಶ್ವತ್ಥಾಮನ್' ಇನ್ನೂ ದಿಟ್ಟ ಹೆಜ್ಜೆ. ಸೊಫೋಕ್ಲಿಸನ 'ಏಜಾಕ್ಸ್'ನಲ್ಲಿ ಅವಮಾನಗೊಂಡ ವೀರ ಮರುಳಿನಲ್ಲಿ ದನಗಳನ್ನು ಕೊಂದು, ಎಚ್ಚೆತ್ತು ನಾಚಿ, ತನ್ನ ಕತ್ತಿಗೆ ತಾನೇ ಬೀಳುತ್ತಾನೆ. ಆ ಅಚ್ಚಿನಲ್ಲಿ ಶ್ರೀಯವರು ನಮ್ಮ ಚಿರಂಜೀವಿಗೇ ಸಾವು ತಂದರು. ಪುರಾಣಕ್ಕೆ ಇದು ವಿರುದ್ಧ ಎಂಬ ಆಕ್ಷೇಪ ಸಹಜ. ಆದರೆ ಸಾಯಲಾರದವನ ಪತನ ಪೂರ್ಣವಾಗದು. ನಾಟಕದ ತರ್ಕ ಆ ಸಾವನ್ನು ಕೇಳುತ್ತದೆ.

ಮುಂದೆ ಪಿ. ಲಂಕೇಶರು ಸೊಫೋಕ್ಲಿಸನ ಈಡಿಪಸ್, ಅಂತಿಗೊನೆ ನಾಟಕಗಳನ್ನು ಆಡುಮಾತಿಗೆ ಹತ್ತಿರದ ಕನ್ನಡಕ್ಕೆ ತಂದರು. ಬಿ.ವಿ. ಕಾರಂತರ ನಿರ್ದೇಶನದಲ್ಲಿ ಈಡಿಪಸ್ ಬೆಂಗಳೂರಿನ ರಂಗಕ್ಕೂ ಏರಿತು.

ಶ್ರೀಯವರ ಮೂರನೆಯ ಆಯ್ಕೆ, 1935ರ 'ಪಾರಸಿಕರು', ಕಡಿಮೆ ಚರ್ಚೆಯಾದರೂ ಹೆಚ್ಚು ಅರ್ಥವತ್ತಾದದ್ದು. ಇದರ ಮೂಲಕಾರ ಈಸ್ಕಿಲಸ್ ಪರ್ಷಿಯನ್ನರ ವಿರುದ್ಧ ಮ್ಯಾರಥಾನಿನಲ್ಲಿ ಸ್ವತಃ ಕಾದಾಡಿದವನು. ಕ್ರಿ.ಪೂ. 472ರಲ್ಲಿ, ಗೆದ್ದ ಅಥೆನ್ಸಿನ ಜನರೆದುರು ಅವನು ಆಡಿಸಿದ್ದು ಸೋತ ಪರ್ಷಿಯದ ಅರಮನೆಯ ಗೋಳನ್ನು. ಮಗನ ಸುದ್ದಿಗೆ ಕಾದು ಕುಳಿತ ಶತ್ರುರಾಜನ ತಾಯಿಯನ್ನು.