ಇಪ್ಪತ್ತೇಳು ಗುಂಟೆ, ಎಂಟು ಆಣೆ

ನಮ್ಮ ಸೀಮೆಯಲ್ಲಿ ಮಗುವಿನ ಕೈಗೆ ಮೊದಲು ಬರುವ ಪುಸ್ತಕದ ಹೆಸರು ಅಂಕಲಿಪಿ. ಹೆಸರಿನಲ್ಲೇ ಅಂಕಿ ಮುಂದೆ, ಅಕ್ಷರ ಹಿಂದೆ. ಲೋಕಾಪುರದಂಥ ಊರಿನಲ್ಲಿ, ಜೋಳ ಅಳೆದು, ಬೆಲ್ಲ ತೂಗಿ, ಹೊಲ ಹಂಚಿಕೊಂಡು ಬದುಕುವ ಮಂದಿಗೆ ಈ ಸರದಿ ಸಹಜವಾಗಿಯೇ ತೋರಿರಬೇಕು.

ಹಿಂದಿನವರ ಮಗ್ಗಿ ಎರಡರಿಂದ ಶುರುವಾಗುತ್ತಿರಲಿಲ್ಲ. ಕಾಲು, ಅರ್ಧ, ಮುಕ್ಕಾಲು, ಒಂದೂವರೆ, ಎರಡೂವರೆ ಇವುಗಳಿಗೂ ಮಗ್ಗಿ ಇದ್ದವು. ಪಾವಕಿ, ನಿಮಕಿ, ದೀಡಕಿ, ಅಡೀಚಕಿ ಎಂಬ ಅವುಗಳ ಹೆಸರು ಮರಾಠಿಯಿಂದ ಬಂದವು. ಮುಧೋಳ ಘೋರ್ಪಡೆಯವರ ಸಂಸ್ಥಾನವಾಗಿತ್ತಲ್ಲ, 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಏಳು ದೀಡ ಎಷ್ಟು ಎಂದರೆ ಹತ್ತೂವರೆ ಎಂದು ಬಾಯಿಂದ ಬರುತ್ತಿತ್ತು, ಪಾಟಿ ಬಳಪ ಬೇಕಿರಲಿಲ್ಲ.

ನಾವು ಉರ್ದು ಶಾಲೆಯಲ್ಲಿ ಪಹಾಡೆ ಕಲಿತು ಆಮೇಲೆ ಕನ್ನಡ ಶಾಲೆಗೆ ಬಂದವರು. ಕನ್ನಡದಲ್ಲಿ ಐವತ್ತೊಂಬತ್ತು ಎಂದರೆ ಐವತ್ತೂ ಕಾಣುತ್ತದೆ, ಒಂಬತ್ತೂ ಕಾಣುತ್ತದೆ. ಉರ್ದುವಿನ ಉನ್‌ಸಠ್‌ನಲ್ಲಿ ಅರವತ್ತಕ್ಕೆ ಒಂದು ಕಡಿಮೆ ಎಂಬ ಅರ್ಥ ಅಡಗಿದೆ, ಆದರೆ ಅದನ್ನು ಹೇಳಿಕೊಡುವವರಿಲ್ಲ. ನೂರರವರೆಗೆ ಒಂದೊಂದು ಸಂಖ್ಯೆಗೂ ಒಂದೊಂದು ಹೆಸರನ್ನು ಬೇರೆಯಾಗಿಯೇ ಬಾಯಿಪಾಠ ಮಾಡಬೇಕು. ಅಕ್ಷರವನ್ನು ಬಲದಿಂದ ಎಡಕ್ಕೆ, ಅಂಕಿಯನ್ನು ಎಡದಿಂದ ಬಲಕ್ಕೆ ಬರೆಯುವ ತೊಡಕು ಬೇರೆ. ಎರಡೂ ಶಾಲೆ ಕಂಡ ಮಕ್ಕಳಿಗೆ ಲೆಕ್ಕ ಬರುವುದಿಲ್ಲ ಎಂದು ಬೈಯುವವರು ಇದನ್ನು ಒಮ್ಮೆ ಯೋಚಿಸಬೇಕು.

ನಮ್ಮ ದಾದಿಮಾ ಮಾತ್ರ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಿದವರಲ್ಲ. ಅವರ ಗಂಡ ತೀರಿಕೊಂಡಾಗ ಉಳಿದದ್ದು 5 ಎಕರೆ 20 ಗುಂಟೆ ಎರೆಹೊಲ. ಮಕ್ಕಳಿರುವ ವಿಧವೆಗೆ ಎಂಟನೇ ಒಂದು ಪಾಲು. ಹಂಚಿಕೆಗೆ ಕುಳಿತ ಹಿರಿಯರೊಬ್ಬರು, ಲೆಕ್ಕ ಬಲ್ಲವರೆಂದು ಹೆಸರಾದವರು, ಕಾಗದದ ಮೇಲೆ ಏನೋ ಗೀಚಿ ‘ಇಪ್ಪತ್ತು ಗುಂಟೆ’ ಎಂದರಂತೆ. ಪರದೆಯ ಆಚೆಯಿಂದ ದಾದಿಮಾ ಕೇಳಿದರು: ‘ಆಧಾ, ಆಧೇ ಕಾ ಆಧಾ, ಉಸ್ ಕಾ ಭೀ ಆಧಾ, ಕಿತ್ತಾ ಹುವಾ?’ ಐದೂವರೆ ಎಕರೆ ಎಂದರೆ 220 ಗುಂಟೆ. ಅರ್ಧ 110, ಅದರರ್ಧ 55, ಅದರರ್ಧ ಇಪ್ಪತ್ತೇಳೂವರೆ. ರೊಟ್ಟಿಯನ್ನು ಮೂರು ಸಲ ಮುರಿದಂತೆ ಅವರು ಹೊಲವನ್ನು ಮುರಿದಿದ್ದರು. ಹಿರಿಯರು ಇನ್ನೊಂದು ಕಾಗದ ತರಿಸಿದರಂತೆ.

ದಾದಿಮಾ ಮಾಡಿದ್ದು ಹೊಸದೇನಲ್ಲ. ಈ ನಾಡಿನ ಹಳೆಯ ಲೆಕ್ಕವೆಲ್ಲ ಅರ್ಧ ಮಾಡುವ ಲೆಕ್ಕ. ಹಳಗನ್ನಡದ ಶಾಸನಗಳ ಕಾಲದಲ್ಲಿ ಹಣದ ಕಾಲು ಭಾಗ ಹಾಗ, ಹದಿನಾರನೇ ಭಾಗ ವೀಸ. ರೂಪಾಯಿಗೆ 16 ಆಣೆ, ಶೇರಿಗೆ 16 ಚಟಾಕು, ಗುಂಟೆಗೆ 16 ಆಣೆ. ತಕ್ಕಡಿಯ ಎರಡು ಪರಡಿಗಳಿದ್ದರೆ ಸಾಕು, ಓದುಬರಹ ಬಾರದವರೂ ಹದಿನಾರನೇ ಭಾಗದವರೆಗೆ ಇಳಿಯಬಹುದು. ಮೂರರಿಂದ ಹಂಚುವುದು ಬಂದಾಗ ಮಾತ್ರ ಅರ್ಧ ಮಾಡುವುದು ಕೈಕೊಡುತ್ತದೆ. ಅದಕ್ಕೆ ಆಣೆಯ ಒಳಗೆ 12 ಪೈಗಳಿದ್ದವು. ರೂಪಾಯಿಯ ಮೂರನೇ ಒಂದು ಪಾಲು ಐದಾಣೆ ನಾಲ್ಕು ಪೈ, ಆರನೇ ಒಂದು ಪಾಲು ಎರಡಾಣೆ ಎಂಟು ಪೈ. ಚೂರೂ ಉಳಿಯುವುದಿಲ್ಲ.

ಮೂರನೇ ಒಂದು, ಆರನೇ ಒಂದು, ಎಂಟನೇ ಒಂದು ಇವು ಇಸ್ಲಾಮೀ ವಾರಸಿನ ಪಾಲುಗಳು. ಬಗ್ದಾದಿನಲ್ಲಿ ಖಲೀಫ ಮಾಮೂನನ ಕಾಲದಲ್ಲಿ (813–833) ಅಲ್ ಖ್ವಾರಿಜ್ಮಿ ಬರೆದ ಬೀಜಗಣಿತದ ಗ್ರಂಥದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ವಾರಸು, ಉಯಿಲುಗಳ ಲೆಕ್ಕವೇ ಎಂಬುದನ್ನು ನಮ್ಮ ಶಾಲೆಗಳಲ್ಲಿ ಯಾರೂ ಹೇಳಲಿಲ್ಲ. ಅದೇ ಶತಮಾನದಲ್ಲಿ, 850ರ ಸುಮಾರಿಗೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಜೈನ ಪಂಡಿತ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಭಿನ್ನರಾಶಿಗಳನ್ನು ಕೂಡಿಸಲು ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯ ಕಂಡುಹಿಡಿಯುವ ಕ್ರಮವನ್ನು ಅವನು ‘ನಿರುದ್ಧ’ ಎಂಬ ಹೆಸರಿನಿಂದ ಹೇಳಿದ್ದಾನೆ. ಈಗ ಮಕ್ಕಳು ಲ.ಸಾ.ಅ. ಎಂದು ಗೊಣಗುತ್ತಾ ಮಾಡುವುದು ಇದನ್ನೇ.

ಅದು ಯಾಕೆ ಬೇಕು ಎಂಬುದಕ್ಕೆ ಒಂದು ಹಳೆಯ ಪ್ರಸಂಗವಿದೆ. ಹೆಂಡತಿ, ತಂದೆ, ತಾಯಿ, ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ಒಬ್ಬ ತೀರಿಕೊಂಡ. ಹೆಂಡತಿಗೆ ಎಂಟನೇ ಒಂದು, ತಂದೆಗೂ ತಾಯಿಗೂ ಆರನೇ ಒಂದೊಂದು, ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು. ಎಲ್ಲಕ್ಕೂ 24ರ ಛೇದ ಹಾಕಿ ಕೂಡಿಸಿ: 3, 4, 4, 16. ಆಸ್ತಿ 24, ಪಾಲು 27! ಮಿಂಬರಿನ ಮೇಲೆ ನಿಂತಿದ್ದ ಹಜರತ್ ಅಲಿಯವರನ್ನು ಈ ಪ್ರಶ್ನೆ ಕೇಳಿದಾಗ, ಆಕೆಯ ಎಂಟನೇ ಒಂದು ಈಗ ಒಂಬತ್ತನೇ ಒಂದಾಯಿತು ಎಂದು ಅಲ್ಲೇ ಉತ್ತರಿಸಿದರೆಂಬ ಪ್ರತೀತಿ. 27ರಲ್ಲಿ 3 ಎಂದರೆ ಒಂಬತ್ತನೇ ಒಂದೇ ತಾನೆ. ಎಲ್ಲರ ಪಾಲೂ ಒಂದೇ ಪ್ರಮಾಣದಲ್ಲಿ ಇಳಿಯಿತು. ಈ ಕ್ರಮಕ್ಕೆ ಔಲ್ ಎನ್ನುತ್ತಾರೆ.

ಇಂಥ ಲೆಕ್ಕ ಹಳ್ಳಿಯಲ್ಲಿ ಯಾರ ಕೈಯಲ್ಲಿತ್ತು? ಈ ಸೀಮೆ ಬಿಜಾಪುರದ ಆದಿಲಶಾಹಿಗೆ ಸೇರಿದ್ದಾಗ, ಒಂದನೇ ಇಬ್ರಾಹಿಂ ಆದಿಲ್ ಶಾಹ (1534–1558) ಸರ್ಕಾರದ ಲೆಕ್ಕಪತ್ರವನ್ನು ಫಾರಸಿಯಿಂದ ಹಿಂದವಿಗೆ, ಅಂದರೆ ದೇಶೀ ನುಡಿಗೆ ತಂದನೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಭಾಷೆ ಊರಿಗೆ ಬಂತು, ದಫ್ತರ ಮಾತ್ರ ಕುಲಕರ್ಣಿಯ ಮನೆಯಲ್ಲೇ ಉಳಿಯಿತು. ವಂಶಪಾರಂಪರ್ಯದ ಕುಲಕರ್ಣಿ ವತನವನ್ನು ಮುಂಬಯಿ ಸರ್ಕಾರ ಕಾಯ್ದೆ ಮಾಡಿ ತೆಗೆದದ್ದು 1950ರಲ್ಲಿ. ಆಮೇಲೆ ತಲಾಠಿ ಬಂದ. ಹಿಂದೂ ರೈತನಿರಲಿ, ಮುಸ್ಲಿಂ ರೈತನಿರಲಿ, ಬರೆದವನು ಓದಿ ಹೇಳಿದ್ದೇ ಲೆಕ್ಕ. ಹೆಂಗಸರಿಗೆ ಅದೂ ಕಿವಿಗೆ ಬೀಳುತ್ತಿರಲಿಲ್ಲ.

1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯೇಪೈಸೆ ಬಂದವು, ಮರುವರ್ಷದಿಂದ ಕಿಲೋ. ಗುಣಾಕಾರ ಹಗುರಾಯಿತು, ಒಳ್ಳೆಯದೇ. ಆದರೆ ರೂಪಾಯಿಯ ಮೂರನೇ ಒಂದು ಪಾಲು 33.33 ಎಂದು ಮುಗಿಯದ ಸಂಖ್ಯೆಯಾಯಿತು, ಪಾವಕಿ, ದೀಡಕಿಗಳಿಗೆ ಕೆಲಸ ಇಲ್ಲವಾಯಿತು. ನಾಲ್ಕಾಣೆಯೆಂದೇ ಕರೆಯುತ್ತಿದ್ದ 25 ಪೈಸೆ ನಾಣ್ಯವೂ 2011ರ ಜೂನ್ 30ಕ್ಕೆ ನಿಂತಿತು. 2005ರಿಂದ ಹಳ್ಳಿಗಳಲ್ಲಿ ನಡೆದುಬಂದ ‘ಅಸರ್’ ಸಮೀಕ್ಷೆಯಲ್ಲಿ ಮಕ್ಕಳಿಗೆ ಕೊಡುವುದು ಸಂಖ್ಯೆ ಗುರುತಿಸುವುದು, ದಶಕ ತೆಗೆದುಕೊಂಡು ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು, ಇಷ್ಟೇ. ದಾದಿಮಾ ಬಿಡಿಸಿದ ಲೆಕ್ಕವೂ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದೇ: 220 ಭಾಗಿಸು 8.

ಆಣೆ ಎಲ್ಲ ಕಡೆಯಿಂದಲೂ ಹೋಗಿಲ್ಲ. ಪಹಣಿಯಲ್ಲಿ ಎಕರೆ, ಗುಂಟೆಗಳ ಪಕ್ಕದಲ್ಲಿ ಅದು ಕೂತಿದೆ. ಹೋದ ವರ್ಷ ಲೋಕಾಪುರಕ್ಕೆ ಹೋದಾಗ ಹೈಸ್ಕೂಲಿಗೆ ಹೋಗುವ ನಮ್ಮ ತಂಗಿಯ ಮಗಳು ಹಳೆಯ ಪಹಣಿ ಹಿಡಿದು ಬಂದಳು. 0-27-8. ‘ಮಾಮಾ, ಈ ಕಡೀ ಎಂಟು ಏನ?’

ಊಟದ ಹೊತ್ತು. ಒಂದು ರೊಟ್ಟಿ ತೆಗೆದುಕೊಂಡು ಅರ್ಧ ಮಾಡು ಎಂದೆವು. ಮುರಿದಳು. ಮತ್ತೆ ಅರ್ಧ. ಮತ್ತೆ. ನಾಲ್ಕನೆಯ ಸಲಕ್ಕೆ ಹದಿನಾರು ಚೂರು ತಾಟಿನಲ್ಲಿ ಬಿದ್ದವು. ಎಣಿಸಿ ಎಂಟನ್ನು ಬದಿಗಿಟ್ಟಳು.

‘ಅಂದ್ರ ಅರ್ಧ ಗುಂಟೆ. ಇಪ್ಪತ್ತೇಳೂವರೆ.’ ಸ್ವಲ್ಪ ಹೊತ್ತು ಪಹಣಿ ನೋಡಿದಳು. ‘ದಾದಿಮಾಂದು ಈ ಹೊಲ ಈಗ ಯಾರ ಹೆಸರಿಲೆ ಐತಿ? ಅದರಾಗ ಅಮ್ಮಂದು ಎಷ್ಟು?’