ಪುರುಷರಲ್ಲಿ ಟ್ರೈಕೊಮೋನಿಯಾಸಿಸ್: ರೋಗ ಪತ್ತೆ ಮತ್ತು ಚಿಕಿತ್ಸೆ

ಟ್ರೈಕೊಮೋನಾಸ್ ವಜೈನಾಲಿಸ್ ಎಂಬ ಏಕಕೋಶ ಪರಾವಲಂಬಿ ಜೀವಿಯಿಂದ ಉಂಟಾಗುವ ಲೈಂಗಿಕ ಸೋಂಕು ಟ್ರೈಕೊಮೋನಿಯಾಸಿಸ್. ಪುರುಷರಲ್ಲಿ ಇದು ಸಾಮಾನ್ಯವಾಗಿ ಮೂತ್ರನಾಳದಲ್ಲಿ ನೆಲೆಸಿರುತ್ತದೆ. ಸೂಕ್ತ ಔಷಧೋಪಚಾರದಿಂದ ಈ ಸೋಂಕು ಗುಣವಾಗುತ್ತದೆ.

ಲಕ್ಷಣಗಳು

ಸೋಂಕಿತ ಪುರುಷರಲ್ಲಿ ಹೆಚ್ಚಿನವರಿಗೆ ಯಾವುದೇ ಲಕ್ಷಣ ಕಂಡುಬರುವುದಿಲ್ಲ. ಕೆಲವರಲ್ಲಿ ಸೋಂಕು ತಗುಲಿದ 5 ರಿಂದ 28 ದಿನಗಳೊಳಗೆ ಈ ಕೆಳಕಂಡ ಲಕ್ಷಣಗಳು ಕಾಣಿಸಿಕೊಳ್ಳಬಹುದು:

• ಮೂತ್ರ ವಿಸರ್ಜನೆ ಅಥವಾ ವೀರ್ಯಸ್ಖಲನದ ನಂತರ ಉರಿ
• ಶಿಶ್ನದ ಒಳಭಾಗದಲ್ಲಿ ತುರಿಕೆ
• ಮೂತ್ರದ್ವಾರದಿಂದ ಸ್ರಾವ

ಚಿಕಿತ್ಸೆ ಪಡೆಯದಿದ್ದಲ್ಲಿ ಸೋಂಕು ತಿಂಗಳುಗಟ್ಟಲೆ ಉಳಿಯಬಹುದು. ಆದುದರಿಂದ ಸೋಂಕು ಯಾರಿಂದ, ಯಾವಾಗ ಬಂದಿತೆಂದು ಪರೀಕ್ಷೆಯಿಂದ ತಿಳಿಯಲಾಗದು. ಪತ್ನಿಯಲ್ಲಿ ಮೊದಲು ಪತ್ತೆಯಾದ ಮಾತ್ರಕ್ಕೆ ಆಕೆಯಿಂದಲೇ ಸೋಂಕು ಬಂದಿತೆಂದು ಭಾವಿಸುವುದು ಸರಿಯಲ್ಲ.

ರೋಗ ಪತ್ತೆ

ಮೂತ್ರನಾಳದ ಸ್ರಾವವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಕ್ರಮವಿದೆಯಾದರೂ ಪುರುಷರಲ್ಲಿ ಸೋಂಕು ಇದರಿಂದ ತಪ್ಪಿಹೋಗುವ ಸಂಭವ ಹೆಚ್ಚು. ಪರಾವಲಂಬಿಯ ವಂಶವಾಹಿ ಅಂಶವನ್ನು ಗುರುತಿಸುವ ಪರೀಕ್ಷೆಯು ಹೆಚ್ಚು ನಿಖರವಾಗಿದ್ದು, ಇದಕ್ಕೆ ಮೊದಲ ಧಾರೆಯ ಮೂತ್ರವನ್ನು ನೀಡಬೇಕಾಗುತ್ತದೆ. ಈ ಪರೀಕ್ಷೆ ಎಲ್ಲ ಪ್ರಯೋಗಾಲಯಗಳಲ್ಲಿ ಲಭ್ಯವಿರುವುದಿಲ್ಲ.

ಪತ್ನಿ ಅಥವಾ ಸಂಗಾತಿಗೆ ಸೋಂಕು ದೃಢಪಟ್ಟಿದ್ದಲ್ಲಿ, ಪುರುಷರಿಗೆ ಲಕ್ಷಣಗಳಿಲ್ಲದಿದ್ದರೂ ಚಿಕಿತ್ಸೆ ನೀಡಲಾಗುತ್ತದೆ. ಮೂತ್ರನಾಳದ ಸ್ರಾವಕ್ಕೆ ಇತರ ಔಷಧ ಸೇವಿಸಿಯೂ ಗುಣವಾಗದವರು ಈ ಸೋಂಕಿನ ಬಗ್ಗೆ ವೈದ್ಯರಲ್ಲಿ ವಿಚಾರಿಸತಕ್ಕದ್ದು.

ಚಿಕಿತ್ಸೆ

ಪುರುಷರಿಗೆ ಸಾಮಾನ್ಯವಾಗಿ ಮೆಟ್ರೊನಿಡಜೋಲ್ ಅಥವಾ ಟಿನಿಡಜೋಲ್ 2 ಗ್ರಾಂ ಪ್ರಮಾಣವನ್ನು ಒಂದೇ ಬಾರಿಗೆ ಬಾಯಿಯ ಮೂಲಕ ನೀಡಲಾಗುತ್ತದೆ. ವಾಕರಿಕೆ ಹಾಗೂ ಬಾಯಿಯಲ್ಲಿ ಲೋಹದ ರುಚಿ ಕಂಡುಬರಬಹುದು.

• ಪತಿ-ಪತ್ನಿ ಇಬ್ಬರೂ ಒಂದೇ ಅವಧಿಯಲ್ಲಿ ಚಿಕಿತ್ಸೆ ಪಡೆಯತಕ್ಕದ್ದು. ಒಬ್ಬರೇ ಪಡೆದಲ್ಲಿ ಸೋಂಕು ಮರುಕಳಿಸಬಹುದು.
• ಮಹಿಳೆಯರಿಗೆ ಔಷಧದ ಅವಧಿ ಬೇರೆಯಾಗಿರಬಹುದಾದ್ದರಿಂದ ಒಬ್ಬರ ಮಾತ್ರೆಗಳನ್ನು ಇನ್ನೊಬ್ಬರು ಹಂಚಿಕೊಳ್ಳಬಾರದು.
• ಇಬ್ಬರ ಚಿಕಿತ್ಸೆಯೂ ಮುಗಿದು, ಲಕ್ಷಣಗಳು ನಿಲ್ಲುವವರೆಗೆ ಹಾಗೂ ಒಂದೇ ಬಾರಿಯ ಔಷಧ ಪಡೆದ ನಂತರ ಕನಿಷ್ಠ 7 ದಿನ ಲೈಂಗಿಕ ಸಂಪರ್ಕದಿಂದ ದೂರವಿರತಕ್ಕದ್ದು.
• ಒಮ್ಮೆ ಗುಣವಾದವರಿಗೂ ಸೋಂಕು ಮತ್ತೆ ತಗುಲಬಹುದು. ಕಾಂಡೋಮ್ ಬಳಕೆಯಿಂದ ಅಪಾಯ ಕಡಿಮೆಯಾಗುತ್ತದೆ.

ಚಿಕಿತ್ಸೆ ಏಕೆ ಅಗತ್ಯ?

ಈ ಸೋಂಕು ಇರುವವರಲ್ಲಿ ಎಚ್‌ಐವಿ ತಗುಲುವ ಸಾಧ್ಯತೆ ಹೆಚ್ಚು. ಸೋಂಕಿತ ಗರ್ಭಿಣಿಯರಲ್ಲಿ ಅವಧಿಪೂರ್ವ ಹೆರಿಗೆ ಮತ್ತು ಕಡಿಮೆ ತೂಕದ ಶಿಶು ಜನನದ ಸಂಭವವೂ ಹೆಚ್ಚು.

ದೊರೆಯುವ ಸೇವೆಗಳು

ಜಿಲ್ಲಾ ಆಸ್ಪತ್ರೆಗಳ ಲೈಂಗಿಕ ಸೋಂಕು ಚಿಕಿತ್ಸಾ ಕೇಂದ್ರಗಳಲ್ಲಿ (ಸುರಕ್ಷಾ ಕ್ಲಿನಿಕ್) ಆಪ್ತಸಮಾಲೋಚನೆ ಹಾಗೂ ಚಿಕಿತ್ಸೆಯನ್ನು ಉಚಿತವಾಗಿ ಪಡೆಯಬಹುದಾಗಿದೆ. ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಗಳನ್ನೂ ಇದೇ ಸಂದರ್ಭದಲ್ಲಿ ಮಾಡಿಸಿಕೊಳ್ಳುವುದು ಸೂಕ್ತ. ಹೆಚ್ಚಿನ ಮಾಹಿತಿಗೆ ಶುಲ್ಕರಹಿತ ಸಹಾಯವಾಣಿ 1097 ಅನ್ನು ಸಂಪರ್ಕಿಸಬಹುದು.