ಭೂಪೇನ್ ಹಜಾರಿಕಾ ಸೇತುವೆ: ಹುಟ್ಟೂರಿನ ನದಿಯ ಮೇಲೆ ಗಾಯಕನ ಹೆಸರು

ಅಸ್ಸಾಂನ ತಿನ್ಸುಕಿಯಾ ಜಿಲ್ಲೆಯಲ್ಲಿ ಲೋಹಿತ್ ನದಿಗೆ ಅಡ್ಡಲಾಗಿ ಕಟ್ಟಿರುವ 9.15 ಕಿ.ಮೀ. ಉದ್ದದ ಸೇತುವೆಗೆ ಖ್ಯಾತ ಗಾಯಕ, ಸಂಗೀತ ಸಂಯೋಜಕ ಭೂಪೇನ್ ಹಜಾರಿಕಾ ಅವರ ಹೆಸರಿಡಲಾಗಿದೆ. ದಕ್ಷಿಣ ದಡದ ಧೋಲಾ ಮತ್ತು ಉತ್ತರ ದಡದ ಸದಿಯಾವನ್ನು ಬೆಸೆಯುವ ಈ ಸೇತುವೆಯನ್ನು 2017ರ ಮೇ 26ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು. ಹೆಸರನ್ನೂ ಅಂದೇ ಪ್ರಕಟಿಸಿದರು.

ಈ ಹೆಸರೇ ಏಕೆ?

ಹಜಾರಿಕಾ ಹುಟ್ಟಿದ್ದು ಸದಿಯಾದಲ್ಲಿ, 1926ರ ಸೆಪ್ಟೆಂಬರ್ 8ರಂದು. ಅವರು ಹುಟ್ಟಿದ ಹಳೆಯ ಸದಿಯಾ ಪಟ್ಟಣ ಈಗಿಲ್ಲ. 1950ರ ಆಗಸ್ಟ್ 15ರ ಭಾರಿ ಭೂಕಂಪದ ನಂತರ ನದಿ ಅದನ್ನು ನುಂಗಿಹಾಕಿತು.

ನದಿ ಅವರ ಹಾಡುಗಳಲ್ಲೂ ಮತ್ತೆ ಮತ್ತೆ ಬರುತ್ತದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಓದುವಾಗ ಅವರು ಕಪ್ಪು ಜನಾಂಗದ ಗಾಯಕ ಪಾಲ್ ರಾಬ್ಸನ್ ಅವರ ಪ್ರಭಾವಕ್ಕೆ ಒಳಗಾದರು. ರಾಬ್ಸನ್ ಹಾಡಿದ ಮಿಸಿಸಿಪ್ಪಿ ನದಿಯ ಗೀತೆಯೇ 'ಬಿಸ್ತೀರ್ಣ ಪಾರೊರೆ' ಹಾಡಿಗೆ ಪ್ರೇರಣೆ. ದಡದ ಜನ ಇಷ್ಟೊಂದು ಕಷ್ಟಪಡುತ್ತಿದ್ದರೂ ನೀನೇಕೆ ಸುಮ್ಮನೆ ಹರಿಯುತ್ತೀ ಎಂದು ನದಿಯನ್ನೇ ಕೇಳುವ ಈ ಹಾಡು ಹಿಂದಿ, ಬಂಗಾಳಿಯಲ್ಲಿ ಗಂಗೆಯ ಹಾಡಾಗಿಯೂ ಮನೆಮಾತಾಯಿತು. 'ರುಡಾಲಿ' ಚಿತ್ರದ ಸಂಗೀತ ಅವರನ್ನು ದೇಶದ ಉಳಿದ ಭಾಗಗಳ ಕೇಳುಗರಿಗೂ ಹತ್ತಿರವಾಗಿಸಿತು.

ಸೇತುವೆಯಿಂದ ಆದ ಬದಲಾವಣೆ

ಮೊದಲು ಇಲ್ಲಿ ನದಿ ದಾಟಲು ದೋಣಿಯೇ ಗತಿ. ಅದೂ ಹಗಲಿನಲ್ಲಿ ಮಾತ್ರ. ಪ್ರವಾಹ ಬಂದರೆ ಅದೂ ಇಲ್ಲ. ರಾತ್ರಿ ಯಾರಿಗಾದರೂ ಕಾಯಿಲೆ ಜೋರಾದರೆ ಬೆಳಗಾಗುವವರೆಗೆ ಕಾಯಬೇಕಿತ್ತು. ಸೇತುವೆ ಬಂದ ಮೇಲೆ ಅಸ್ಸಾಂ-ಅರುಣಾಚಲ ನಡುವಿನ ದಾರಿ 165 ಕಿ.ಮೀ. ಕಡಿಮೆಯಾಗಿದ್ದು, ಆರು ಗಂಟೆಯ ಪ್ರಯಾಣ ಒಂದು ಗಂಟೆಗೆ ಇಳಿದಿದೆ. ಚೀನಾ ಗಡಿ ಸಮೀಪವಿರುವ ಕಾರಣ 60 ಟನ್ ತೂಕದ ಯುದ್ಧ ಟ್ಯಾಂಕ್‌ಗಳ ಭಾರ ತಡೆಯುವಂತೆ ಇದನ್ನು ಕಟ್ಟಲಾಗಿದೆ. 2024ರ ಜನವರಿಯಲ್ಲಿ ಮುಂಬೈನ ಅಟಲ್ ಸೇತು ತೆರೆಯುವವರೆಗೂ ನೀರಿನ ಮೇಲಿನ ದೇಶದ ಅತಿ ಉದ್ದದ ಸೇತುವೆ ಎಂಬ ಹೆಗ್ಗಳಿಕೆ ಇದರದ್ದೇ ಆಗಿತ್ತು.

ನೋಡಲು ಅವರಿರಲಿಲ್ಲ

ಕಾಮಗಾರಿ ಶುರುವಾದ 2011ರಲ್ಲೇ, ನವೆಂಬರ್ 5ರಂದು ಹಜಾರಿಕಾ ಮುಂಬೈನಲ್ಲಿ ನಿಧನರಾದರು. 2019ರಲ್ಲಿ ಅವರಿಗೆ ಮರಣೋತ್ತರ ಭಾರತ ರತ್ನ ಘೋಷಣೆಯಾಯಿತು. ಆ ವೇಳೆಗೆ ಸದಿಯಾದ ಜನ ಅವರ ಹೆಸರಿನ ಸೇತುವೆ ಮೇಲೆ ಓಡಾಡಲು ಶುರುಮಾಡಿ ಒಂದೂವರೆ ವರ್ಷ ಕಳೆದಿತ್ತು.